ಹೊಸತೊಡಕಿಗೆ ಹೆಣ್ಣುಮರಿ ಮಾರಿ, ಸಂತೆಯಲ್ಲಿ ಗಬ್ಬದ ಕುರಿ ಹುಡುಕುವವರಿಗೆ

ಯುಗಾದಿ ಮುಗಿದು ಹದಿನೈದು ದಿನ ಆಗಿರುವುದಿಲ್ಲ, ಒಂದೇ ಪ್ರಶ್ನೆ ನಾಲ್ಕಾರು ಊರಿನಿಂದ ಬರುತ್ತದೆ. ಹೋದ ವರ್ಷವೂ ಉತ್ತರ ಬರೆದಿದ್ದೆ. ಈ ಸಲ ಸ್ವಲ್ಪ ಜೋರಾಗಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮಲ್ಲಿ 30 ಬಂಡೂರು ಕುರಿ ಇವೆ. ವಯಸ್ಸಾದವನ್ನು ತೆಗೆದು ಹೊಸ ಹೆಣ್ಣು ಸೇರಿಸಬೇಕು. ಮರಿ ಸಾಕಿ ಕಾಯುವುದಕ್ಕಿಂತ ಸಂತೆಯಲ್ಲಿ ಗಬ್ಬದ ಕುರಿ ತಂದರೆ ಬೇಗ ಕೈಗೆ ಹತ್ತುತ್ತದೆ ಅಲ್ವಾ ಸರ್? (ಮಳವಳ್ಳಿ ತಾಲ್ಲೂಕಿನ ಓದುಗರು)

ಮೊದಲು ಒಂದು ಮಾತು ಹೇಳಿ. ನಿಮ್ಮ ರೊಪ್ಪದಲ್ಲೇ ಹುಟ್ಟಿದ ಹೆಣ್ಣುಮರಿಗಳು ಎಲ್ಲಿ ಹೋದವು? ಹೊಸತೊಡಕಿನ (ಯುಗಾದಿ ಮರುದಿನದ ಬಾಡೂಟದ) ಹಿಂದಿನ ವಾರ ಮಟನ್ ಅಂಗಡಿಯವರು ಬಂದು ಕೈಯಲ್ಲಿ ಬೆನ್ನು ಒತ್ತಿ ನೋಡಿ, ಮೈ ತುಂಬಿದವನ್ನೇ ಆರಿಸಿಕೊಂಡು ಹೋಗಿರುತ್ತಾರೆ. ನಿಮಗೆ ಉಳಿದಿದ್ದು ಸಣಕಲು. ಈಗ ಆ ದುಡ್ಡು ಹಿಡಿದು ಬನ್ನೂರು ಸಂತೆ, ಕಿರುಗಾವಲು ಸಂತೆ ಅಂತ ತಿರುಗುತ್ತೀರಿ. ಅಲ್ಲಿ ಸಿಗುವುದು ಇನ್ಯಾರೋ ಬೇಡ ಅಂತ ಹೊರಗೆ ಹಾಕಿದ ಕುರಿ.

ಲೆಕ್ಕ ಹಾಕೋಣ. ಒಂದು ಕುರಿ ಐದಾರು ವರ್ಷ ಈಯುತ್ತದೆ ಅಂದುಕೊಂಡರೆ, 30ರಲ್ಲಿ ವರ್ಷಕ್ಕೆ ಆರು ಬದಲಾಗಬೇಕು. ಬಂಡೂರು ಹೆಚ್ಚಾಗಿ ಒಂದೇ ಮರಿ ಹಾಕುವ ತಳಿ. 26 ಮರಿ ಬಂದರೆ ಹೆಚ್ಚುಕಡಿಮೆ 13 ಹೆಣ್ಣು. ಒಂದೆರಡು ಸತ್ತರೂ 11 ಉಳಿಯುತ್ತವೆ. ಎಂಟು ಇಟ್ಟುಕೊಳ್ಳಿ, ವರ್ಷ ತುಂಬಿದಾಗ ಅದರಲ್ಲಿ ಎರಡು ಕೈಬಿಡಿ, ಬೇಕಾದ ಆರು ಸಿಕ್ಕವು. 11ರಲ್ಲಿ ಉಳಿದ ಮೂರು ಮಟನ್ ಅಂಗಡಿಗೇ ಹೋಗಲಿ, ಬೇಡ ಅಂದವರು ಯಾರು?

ಯಾವ ಎಂಟು? ಮರಿಯ ಮುದ್ದು ಮುಖ ನೋಡಿ ಆರಿಸಬೇಡಿ. ಅದರ ತಾಯಿ ತಪ್ಪದೆ ಈದಿದೆಯಾ, ಎರಡೂ ಮೊಲೆಯಲ್ಲಿ ಹಾಲಿದೆಯಾ, ಮರಿಯನ್ನು ಒದೆಯದೆ ಕುಡಿಸುತ್ತದಾ, ಮೂರು ತಿಂಗಳಿಗೆ ಮರಿ ಎಷ್ಟು ತೂಗಿತು? ಇಷ್ಟು ಬರೆದಿಡಲು ಮಕ್ಕಳ ಹಳೇ ನೋಟ್‌ಬುಕ್ ಸಾಕು. 'ನನಗೆ ಎಲ್ಲ ನೆನಪಿರುತ್ತೆ ಸರ್' ಅನ್ನುವವರ ಹತ್ತಿರ ಹೋದ ವರ್ಷ ಯಾವ ಕುರಿ ಕಂದು ಹಾಕಿತು (ಗರ್ಭಪಾತ ಆಯಿತು) ಅಂತ ಕೇಳಿ ನೋಡಿದ್ದೇನೆ. ತಲೆ ಕೆರೆದುಕೊಳ್ಳುತ್ತಾರೆ.

ಕಾಯಬೇಕು ಅನ್ನುವುದು ನಿಜ. ವರ್ಷದ ಹತ್ತಿರ ಟಗರಿಗೆ ಬಿಟ್ಟರೆ, ಐದು ತಿಂಗಳ ಗಬ್ಬ ಸೇರಿ ಮೊದಲ ಮರಿಗೆ ಹದಿನೇಳು, ಹದಿನೆಂಟು ತಿಂಗಳು. ಆದರೆ ಆ ಎಂಟು ಮರಿ ಅದೇ ಮಂದೆಯ ಜೊತೆ ಅದೇ ಹೊಲದಲ್ಲಿ ಮೇಯುತ್ತವೆ. ಬೇರೆ ಕುರಿ ಕಾಯುವವನು ಬೇಕಿಲ್ಲ.

ಇನ್ನು ಸಂತೆಯ ಗಬ್ಬದ ಕುರಿ. ಚೆನ್ನಾಗಿ ಈಯುವ ಕುರಿಯನ್ನು ಈಯುವ ಮುಂಚೆ ಯಾಕೆ ಮಾರುತ್ತಾರೆ? ದುಡ್ಡಿನ ತುರ್ತು ಇರಬಹುದು. ಆ ಕಥೆಯನ್ನು ದಲ್ಲಾಳಿ ಪ್ರತಿ ಕುರಿಗೂ ಹೇಳುತ್ತಾನೆ. ಉಪ್ಪು ನೆಕ್ಕಿಸಿ ನೀರು ಕುಡಿಸಿದರೆ ಯಾವ ಹೊಟ್ಟೆಯೂ ಗಬ್ಬದ ಹಾಗೆ ಕಾಣುತ್ತದೆ. ಬೆಲೆ ಕುದುರಿಸಲು ಟವಲ್ ಕೆಳಗೆ ಬೆರಳು ಹಿಡಿಯುವ ಹೊತ್ತಿಗೆ ನಿಮ್ಮ ತಲೆಯಲ್ಲಿ ಮರಿ ಓಡಾಡುತ್ತಿರುತ್ತದೆ.

ನಾನೂ ಮೋಸ ಹೋದವನೇ. ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮನೆಗೆ ಅಂತಲೇ ಎಂಟು ಕುರಿ ಸಂತೆಯಿಂದ ತಂದೆ. ಡಾಕ್ಟರ್ ಮಗ ತಂದಿದ್ದು ಅಂತ ಅಪ್ಪ ಅವತ್ತೇ ಮಂದೆಗೆ ಸೇರಿಸಿದರು, ನಾನೂ ಬೇಡ ಅನ್ನಲಿಲ್ಲ. ವಾರದೊಳಗೆ ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಶುರುವಾಯಿತು. ಪಿಪಿಆರ್, ಅಂದರೆ ಕುರಿ-ಮೇಕೆಗೆ ಬೇಗ ಹರಡುವ ವೈರಸ್ ರೋಗ. ತಂದಿದ್ದು ಮಾತ್ರ ಅಲ್ಲ, ಮನೆಯ ಹದಿನಾಲ್ಕು ಕುರಿಯೂ ಹೋದವು. ಅಪ್ಪ ಏನೂ ಅನ್ನಲಿಲ್ಲ. ಅದಕ್ಕೇ ಈ ವಿಷಯ ಬಂದರೆ ನನಗೆ ತಾಳ್ಮೆ ಕಡಿಮೆ.

ಕೊಳ್ಳಲೇಬೇಕು ಅಂದರೆ ಸಂತೆಗಲ್ಲ, ಸಾಕಿದವರ ಮನೆಗೇ ಹೋಗಿ. ತಾಯಿಯನ್ನು ತೋರಿಸಲಿ. ಹಲ್ಲು ನೋಡುವುದನ್ನು ನಾನು ಇಲ್ಲಿ ಹೇಳಿಕೊಡುವುದಿಲ್ಲ, ಮನೆಯ ಹಿರಿಯರಿದ್ದಾರೆ. ಶಾಶ್ವತ ಹಲ್ಲು ಎರಡು, ಹೆಚ್ಚೆಂದರೆ ನಾಲ್ಕು ಬಂದ ಕುರಿ ಸಾಕು. ಬಾಯಿಗೂಡಿದ್ದು (ಎಲ್ಲ ಹಲ್ಲೂ ಬಂದದ್ದು) ಬೇಡ. ಗಬ್ಬಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ತಂದ ಮೇಲೆ 30 ದಿನ ಬೇರೆ ಕಟ್ಟಿ, ಬೇರೆ ಬಕೆಟ್‌ನಲ್ಲಿ ನೀರು ಕೊಡಿ. ಪಿಪಿಆರ್ ಬೇಗ ಗೊತ್ತಾಗುತ್ತದೆ. ಕಂದು ರೋಗ (ಬ್ರುಸೆಲ್ಲೋಸಿಸ್) ಹಾಗಲ್ಲ, ಕುರಿ ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ. ಅದಕ್ಕೆ ರಕ್ತ ಪರೀಕ್ಷೆಯೇ ಬೇಕು. ಕಂದು ಹಾಕಿದ ಮರಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಆ ರೋಗ ಮನುಷ್ಯರಿಗೂ ಬರುತ್ತದೆ. ನಿಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಾದರೆ ಇನ್ನೊಂದು ಮಾತು. ಒಣಹೊಲದಲ್ಲಿ ಮೇದ ಕುರಿಯನ್ನು ತಂದು ಕಾಲುವೆ ಬದುವಿಗೆ ಬಿಟ್ಟರೆ ಬಸವನಹುಳುವಿನಿಂದ ಲಿವರ್ ಹುಳು ಹತ್ತುತ್ತದೆ. ಗದ್ದದ ಕೆಳಗೆ ಊದಿಕೊಂಡರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಹಿಕ್ಕೆ ಪರೀಕ್ಷೆ ಮಾಡಿಸಿ.

ಹೊರಗಿಂದ ತರಬೇಕಾದ್ದು ಟಗರು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ! ಒಂದೇ ಟಗರನ್ನು ನಾಲ್ಕು ವರ್ಷ ಇಟ್ಟುಕೊಂಡರೆ ಅದು ತನ್ನ ಮಗಳ ಮೇಲೇ ಹತ್ತುತ್ತದೆ, ಆಮೇಲೆ ಮರಿ ಸಣ್ಣ ಅಂತ ನನ್ನನ್ನು ಕೇಳುತ್ತೀರಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ನಿಮ್ಮ ತಾಲ್ಲೂಕಿನ ಧನಗೂರಿನಲ್ಲೇ ಸರ್ಕಾರದ ಕುರಿ ಸಾಕಣೆ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ಪ್ರಶ್ನೆ: ಕುತ್ತಿಗೆಯಲ್ಲಿ ಜೋತಾಡುವ ಚರ್ಮದ ಮಣಿ ಇಲ್ಲದಿದ್ದರೆ ಅಸಲಿ ಬಂಡೂರಲ್ಲ ಅಂತಾರೆ. (ಬನ್ನೂರು)

ಮಣಿ ಕೆಲವಕ್ಕಿರುತ್ತದೆ, ಕೆಲವಕ್ಕಿಲ್ಲ. ಹಿಂದೆ ನಿಂತು ನೋಡಿ. ಗಿಡ್ಡ ಕಾಲು, ತುಂಬಿದ ತೊಡೆ, ಇಂಗ್ಲಿಷ್‌ನ 'ಯು' ಅಕ್ಷರ ತಲೆಕೆಳಗಾದ ಹಾಗೆ ಇರಬೇಕು.

ಪ್ರಶ್ನೆ: ಗಂಡುಮರಿ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಮರಿ ಗೊಡ್ಡಾಗುತ್ತದಾ? (ಪಾಂಡವಪುರ)

ಅದು ಹಸುವಿನ ಮಾತು. ಕುರಿಯಲ್ಲಿ ಬಲು ಅಪರೂಪ. ಸುಮ್ನೆ ಇಟ್ಟುಕೊಳ್ಳಿ.

ಪ್ರಶ್ನೆ: ಬೈಕಿನಲ್ಲಿ ಒಬ್ಬರು ಬಂದು ಎಲ್ಲ ಕುರಿಗೂ ಬೆದೆ ಬರುವ ಇಂಜೆಕ್ಷನ್ ಹಾಕುತ್ತೇನೆ ಅನ್ನುತ್ತಾರೆ. (ನಾಗಮಂಗಲ)

ಓಡಿಸಿ. ಅಂಥ ಇಂಜೆಕ್ಷನ್‌ಗಳಲ್ಲಿ ಕೆಲವು ಗಬ್ಬದ ಕುರಿಗೆ ಬಿದ್ದರೆ ಕಂದು ಹಾಕಿಬಿಡುತ್ತದೆ. ಯಾವುದು ಗಬ್ಬ ಅಂತ ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಪ್ರಶ್ನೆ: ಹೆಣ್ಣುಮರಿಯನ್ನು ಆರು ತಿಂಗಳಿಗೇ ಟಗರಿಗೆ ಬಿಡಬಹುದಾ? (ತಿ. ನರಸೀಪುರ)

ತಿಂಗಳು ಎಣಿಸಬೇಡಿ, ತೂಕ ಹಾಕಿ. ದೊಡ್ಡ ಬಂಡೂರು ಹೆಣ್ಣು ಸುಮಾರು 25 ಕಿಲೋ. ಅದರ ಮೂರರಲ್ಲಿ ಎರಡು ಭಾಗ, ಅಂದರೆ 16-17 ಕಿಲೋ ಬರುವ ತನಕ ಬೇರೆ ಕಟ್ಟಿ. ಗಂಡುಮರಿಗಳನ್ನೂ ನಾಲ್ಕು ತಿಂಗಳಿಗೇ ಬೇರೆ ಮಾಡಿ, ಅವು ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ.