ಮೊದಲು ನಾನು ವಾಸಿಯಾಗಿ, ಆಮೇಲೆ ಮಗುವನ್ನು ಹತ್ತಿರ ಕರೆದುಕೊಳ್ಳಲಾ? ಬೇಡ, ಕಾಯಬೇಡಿ

ಚಿಕ್ಕವರಿದ್ದಾಗ ಮನೆಯಲ್ಲೇ ತುಂಬ ಹಿಂಸೆ ಅನುಭವಿಸಿದ್ದೀರಿ. ಈಗ ಎರಡೂವರೆ ವರ್ಷದ ಮಗಳು ಅತ್ತರೆ ನಿಮ್ಮ ಕೈ ಮೇಲೇಳುತ್ತದೆ. ಥೆರಪಿ ಮುಗಿಯುವವರೆಗೆ ಅವಳನ್ನು ಅಕ್ಕನ ಮನೆಯಲ್ಲಿ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಬಿಟ್ಟಿದ್ದೆ.

ನಮ್ಮೂರು ಪಾಂಡವಪುರದ ಹತ್ತಿರ. ಅಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಯಲ್ಲಿ ಬೆಳೆದೆ. ಅವರದು ಒಂದು ಆಲೆಮನೆ ಇತ್ತು. ನಾನು ಅತ್ತರೆ ದೊಡ್ಡಪ್ಪನಿಗೆ ಆಗುತ್ತಿರಲಿಲ್ಲ. ಕಬ್ಬಿನ ಜಲ್ಲೆಯಲ್ಲಿ ಬಾರಿಸಿ, ಆಲೆಮನೆ ಪಕ್ಕದ ಕತ್ತಲೆ ಕೋಣೆಗೆ ನೂಕಿ ಚಿಲಕ ಹಾಕುತ್ತಿದ್ದರು. ಅಳು ನಿಂತರೆ ಮಾತ್ರ ಬಾಗಿಲು ತೆಗೆಯುತ್ತಾರೆ ಅನ್ನುವುದು ಸ್ಕೂಲಿಗೆ ಸೇರುವ ಮೊದಲೇ ನನಗೆ ಗೊತ್ತಾಗಿತ್ತು. ಇಷ್ಟು ಸಾಕು. ಮಿಕ್ಕಿದ್ದು ಎಂಥದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮದುವೆಯಾಗಿ ಮೈಸೂರಿಗೆ ಬಂದೆ. ಕುವೆಂಪುನಗರದಲ್ಲಿ ಬಾಡಿಗೆ ಮನೆ. ಮಗ ಹುಟ್ಟಿದ. ಅವನು ಅತ್ತಾಗೆಲ್ಲ ನನ್ನ ಕಿವಿ ಗುಂಯ್ ಅನ್ನುತ್ತಿತ್ತು, ದವಡೆ ಬಿಗಿಯುತ್ತಿತ್ತು. ಹೇಗಾದರೂ ಮಾಡಿ ಈ ಅಳು ನಿಲ್ಲಿಸಬೇಕು, ಅದೊಂದೇ ಯೋಚನೆ. ಅವನಿಗೆ ಎರಡು ತುಂಬಿದ ಮೇಲೆ ಒಂದು ಮಧ್ಯಾಹ್ನ ಅನ್ನದ ತಟ್ಟೆ ಎಸೆದು ರಚ್ಚೆ ಹಿಡಿದ. ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ ಬಚ್ಚಲುಮನೆಯೊಳಗೆ ಬಿಟ್ಟೆ. ಹೊರಗಿನಿಂದ ಚಿಲಕ ಹಾಕಿದೆ. ಒಳಗಿನಿಂದ ಅವನು ಬಾಗಿಲು ಬಡಿಯುವ ಸದ್ದು ಕೇಳಿದಾಗಲೇ ನಾನೇನು ಮಾಡುತ್ತಿದ್ದೇನೆ ಅಂತ ಗೊತ್ತಾಗಿದ್ದು.

ಅವತ್ತು ರಾತ್ರಿಯೇ ನಮ್ಮನೆಯವರಿಗೆ ಹೇಳಿದೆ, ಇವನು ನನ್ನ ಹತ್ತಿರ ಇರಬಾರದು ಅಂತ. ಆ ವಾರವೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಅತ್ತೆಯ ಹತ್ತಿರ ಬಿಟ್ಟೆವು. ಅತ್ತೆಗೆ ಕಾರಣ ಹೇಳಿದಾಗ, "ಮಗ ಅಂದ್ಮೇಲೆ ಒಂದೇಟು ಹೊಡೀದೆ ಆಯ್ತದಾ ಕಣವ್ವ, ಇದಕ್ಕೆಲ್ಲ ಯಾಕಿಂಗೆ ಎದ್ರುಕತೀಯ" ಅಂದರು. ಒಳ್ಳೆಯ ಹೆಂಗಸು. ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ನಾನು ಮೈಸೂರಿನಲ್ಲಿ ಒಬ್ಬರು ಸೈಕಾಲಜಿಸ್ಟ್ ಹತ್ತಿರ ಹೋಗಲು ಶುರು ಮಾಡಿದೆ.

ಇಲ್ಲಿಂದ ಮುಂದಿನದನ್ನು ಗಮನ ಇಟ್ಟು ಓದಿ. ಥೆರಪಿಗೆ ಹೋಗಿದ್ದು ತಪ್ಪಲ್ಲ. ಮಗುವನ್ನು ಬಿಟ್ಟು ಹೋಗಿದ್ದು ತಪ್ಪು. ಆರಂಭದಲ್ಲೇ ಆ ಮೇಡಂ ಕೇಳಿದ್ದರು, "ಮಗನನ್ನೂ ಕರೆದುಕೊಂಡು ಬರ್ತೀರಾ? ಇಬ್ಬರ ಜೊತೆಗೂ ಕೆಲಸ ಮಾಡೋಣ." ನಾನು ಒಪ್ಪಲಿಲ್ಲ. ಕೆಟ್ಟಿರುವುದು ನಾನು, ಅವನಲ್ಲ, ಅವನ್ಯಾಕೆ ಬರಬೇಕು ಅಂದೆ. ಆಮೇಲೂ ಕೇಳಿದರು, ಏನೋ ನೆಪ ಹೇಳಿದೆ. ನನ್ನ ಲೆಕ್ಕ ಸರಳವಾಗಿತ್ತು. ಮೊದಲು ಹಳೆಯದನ್ನೆಲ್ಲ ಹೊರಗೆ ಹಾಕುತ್ತೇನೆ, ಪೂರ್ತಿ ಸರಿಯಾಗುತ್ತೇನೆ, ಆಮೇಲೆ ಒಳ್ಳೆಯ ಅಮ್ಮನಾಗಿ ಅವನನ್ನು ಕರೆತರುತ್ತೇನೆ. ಶನಿವಾರ ರೈಲಿನಲ್ಲಿ ಮಂಡ್ಯಕ್ಕೆ ಹೋಗುತ್ತಿದ್ದೆ. ಅಲ್ಲೂ ಅವನ ಹತ್ತಿರ ಜಾಸ್ತಿ ಹೊತ್ತು ಕೂರುತ್ತಿರಲಿಲ್ಲ. ಅವನು ಅಳಲು ಶುರು ಮಾಡಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಕೋಪ ತೋರಿಸಬಾರದು ಅಂತ ಮುಖದಲ್ಲಿ ಏನನ್ನೂ ತೋರಿಸದೆ ಇರುವುದನ್ನು ಕಲಿತಿದ್ದೆ. ಇದನ್ನು ನಾನು ಸಂಯಮ ಅಂದುಕೊಂಡಿದ್ದೆ.

ಥೆರಪಿ ಕೋಣೆಯಲ್ಲಿ ನಿಜವಾಗಿಯೂ ಹಗುರಾದೆ. ದೊಡ್ಡಪ್ಪನ ಬಗ್ಗೆ ಮಾತಾಡಿದೆ, ಅತ್ತುಬಿಟ್ಟೆ, ನಿದ್ದೆ ಬರಲು ಶುರುವಾಯಿತು. ವರ್ಷ ದಾಟಿದ ಮೇಲೆ ಈಗ ಪರವಾಗಿಲ್ಲ ಅನ್ನಿಸಿ ಮಗನನ್ನು ಕರೆತರಲು ಹೋದೆ. ಅಷ್ಟು ಹೊತ್ತಿಗೆ ಅವನು ಅತ್ತೆಯನ್ನು ಅವ್ವ ಅನ್ನುತ್ತಿದ್ದ. ನನ್ನನ್ನು ನೋಡಿ, "ಅವ್ವಾ, ಮೈಸೂರಮ್ಮ ಬಂದ್ಲು" ಅಂದ. ಬಿದ್ದು ಮಂಡಿ ತರಚಿಕೊಂಡಾಗ ನನ್ನನ್ನು ದಾಟಿಕೊಂಡು ಅವರ ಹತ್ತಿರ ಓಡಿದ. ಮೈಸೂರಿಗೆ ತಂದ ಮೇಲೆ ರಾತ್ರಿಯೆಲ್ಲ ಅವ್ವ ಬೇಕು ಅಂತ ಅತ್ತ. ಆ ಅಳುವಿಗೆ ನನ್ನ ಕಿವಿ ಮತ್ತೆ ಗುಂಯ್ ಅಂದಿತು, ದವಡೆ ಬಿಗಿಯಿತು. ಏನೂ ಬದಲಾಗಿರಲಿಲ್ಲ. ಯಾಕೆಂದರೆ ಅಳುವ ಮಗುವಿನ ಎದುರು ಕೂತು ನಾನು ಏನನ್ನೂ ಅಭ್ಯಾಸ ಮಾಡಿರಲಿಲ್ಲ. ನೀರಿಗಿಳಿಯದೆ ಈಜು ಕಲಿಯಲು ಹೊರಟಿದ್ದೆ. ಅಷ್ಟು ದಿನ ಅವನು ಒಮ್ಮೆ ತನ್ನನ್ನು ಬಚ್ಚಲಿಗೆ ಹಾಕಿದ, ಆಮೇಲೆ ಬಿಟ್ಟೇ ಹೋದ ಅಮ್ಮನನ್ನು ಮಾತ್ರ ನೋಡಿದ್ದ. ಅದನ್ನು ಸರಿಪಡಿಸಲು ಹಿಡಿದ ಸಮಯವೇ ನಾನು ತೆತ್ತ ಬೆಲೆ.

ಈ 'ಮುಖದಲ್ಲಿ ಏನೂ ತೋರಿಸದೆ ಇರುವುದು' ಮಗುವಿಗೆ ಏನು ಮಾಡುತ್ತದೆ ಅಂತ ಆಮೇಲೆ ಮೇಡಂ ವಿವರಿಸಿದರು. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು, ಅಷ್ಟೇ. ಬೈಗುಳ ಇಲ್ಲ, ಏಟಿಲ್ಲ. ಮಗು ಮೊದಲು ನಗಿಸಲು ನೋಡುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸುತ್ತದೆ, ಅಳುತ್ತದೆ. ಹೊಡೆಯದೆ ಇದ್ದರೆ ಸಾಕು, ದೂರ ಇದ್ದರೆ ಮಗು ಕ್ಷೇಮ ಅಂದುಕೊಂಡವಳು ನಾನು. ಇದನ್ನು ಕೇಳಿ ಮನೆಗೆ ಬಂದು ತುಂಬ ಅತ್ತೆ. ಟ್ರಾನಿಕ್ ಹೇಳಿದ ಇನ್ನೊಂದು ಮಾತೂ ಇದೆ. ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ಹೊಂದಾಣಿಕೆ ಆಗಾಗ ತಪ್ಪುತ್ತಲೇ ಇರುತ್ತದೆ. ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದೇ ಮುಖ್ಯ. ಅದಕ್ಕೆ ಎದುರಿಗೆ ಮಗು ಇರಬೇಕು ಅಲ್ವಾ?

ಆಮೇಲೆ ನಾವಿಬ್ಬರೂ ಜೊತೆಯಾಗಿ ಹೋದೆವು. ಅಲ್ಲಿ ನಮಗೆ ಕಲಿಸಿದ್ದರ ಬುಡ ಪಿಸಿಐಟಿ ಅನ್ನುವ ಪದ್ಧತಿ, ಪೇರೆಂಟ್ ಚೈಲ್ಡ್ ಇಂಟರಾಕ್ಷನ್ ಥೆರಪಿ. 1970ರ ದಶಕದಲ್ಲಿ ಅಮೆರಿಕದ ಸೈಕಾಲಜಿಸ್ಟ್ ಶೀಲಾ ಐಬರ್ಗ್ ಶುರು ಮಾಡಿದ್ದು, ಹೆಚ್ಚಾಗಿ 2ರಿಂದ 7 ವರ್ಷದ ಮಕ್ಕಳಿಗೆ. ಆ ಪದ್ಧತಿಯಲ್ಲಿ ಥೆರಪಿಸ್ಟ್ ಗಾಜಿನ ಆಚೆ ಕೂತು, ತಾಯಿಯ ಕಿವಿಯಲ್ಲಿರುವ ಇಯರ್‌ಫೋನಿಗೆ ಆಗಿಂದಾಗಲೇ ಹೇಳಿಕೊಡುತ್ತಾರೆ. ನಮ್ಮಲ್ಲಿ ಗಾಜೂ ಇರಲಿಲ್ಲ, ಇಯರ್‌ಫೋನೂ ಇರಲಿಲ್ಲ. ಮೇಡಂ ಚಾಪೆಯ ಮೂಲೆಯಲ್ಲಿ ಕೂತು ಮೆಲ್ಲಗೆ ಹೇಳುತ್ತಿದ್ದರು.

ಮೊದಲ ಹಂತದಲ್ಲಿ ಆಟ ಮಗುವಿನದು. ನಾವು ಪ್ರಶ್ನೆ ಕೇಳುವಂತಿಲ್ಲ, ಹೀಗೆ ಮಾಡು ಹಾಗೆ ಮಾಡು ಅನ್ನುವಂತಿಲ್ಲ, ತಪ್ಪು ಹುಡುಕುವಂತಿಲ್ಲ. ಅವನು ಮಾಡುವುದನ್ನು ಬಾಯಲ್ಲಿ ಹೇಳಬೇಕು, ಅವನ ಮಾತನ್ನು ತಿರುಗಿ ಹೇಳಬೇಕು, ಅವನ ಹಾಗೆಯೇ ಆಡಬೇಕು, ಒಳ್ಳೆಯದು ಕಂಡರೆ ಏನು ಒಳ್ಳೆಯದು ಅಂತ ಹೆಸರಿಟ್ಟು ಮೆಚ್ಚಬೇಕು. ಕೇಳಲು ಸುಲಭ. ಮಾಡಿ ನೋಡಿ! ನಾವು ಮಕ್ಕಳನ್ನು ಮಾತಾಡಿಸುವುದೇ ಪರೀಕ್ಷೆ ಮಾಡುವ ಹಾಗೆ. ಇದ್ಯಾವ ಬಣ್ಣ, ಎಷ್ಟಿದೆ ಎಣಿಸು, ಅಂಕಲ್‌ಗೆ ರೈಮ್ಸ್ ಹೇಳು. ನನ್ನ ಬಾಯಿಗೂ ಬರೀ ಅದೇ ಬರುತ್ತಿತ್ತು. "ಕೆಂಪು ಬ್ಲಾಕ್ ಮೇಲೆ ನೀಲಿ ಇಟ್ಟೆ" ಅಂತ ಸುಮ್ನೆ ಹೇಳಲು ದಿನಗಟ್ಟಲೆ ಬೇಕಾಯಿತು.

ಮೆಚ್ಚುವುದು ಇನ್ನೂ ಕಷ್ಟ. ಒಂದು ಸಲ ಅವನು ಕೇಳದೆಯೇ ಬ್ಲಾಕ್‌ಗಳನ್ನು ಡಬ್ಬಿಗೆ ತುಂಬಿದ. ಹೇಳಿ ಅಂತ ಮೇಡಂ ಸನ್ನೆ ಮಾಡಿದರು. ನನ್ನ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಈಗ ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಅಂತ ಕೇಳಿದರು. ಎದೆ ಅಂದೆ. ನನಗೆ ಯಾರೂ ಯಾವತ್ತೂ ಹೀಗೆ ಹೇಳಿರಲಿಲ್ಲ, ಅವನಿಗೆ ಸಿಗುತ್ತಿದೆ, ಅದು ನೋಯುತ್ತಿದೆ ಅನ್ನುವುದು ಅಲ್ಲಿ ಹೊರಗೆ ಬಂತು. ಅಷ್ಟು ಕಾಲ ಒಬ್ಬಳೇ ಕೂತು ದೊಡ್ಡಪ್ಪನ ಕಥೆ ಹೇಳಿದಾಗ ಸಿಗದ ಎಳೆ ಅದು. ಮಗು ಎದುರಿಗೆ ಇದ್ದುದರಿಂದಲೇ ಸಿಕ್ಕಿತು.

ಅಮೆರಿಕದಲ್ಲಿ ಮಕ್ಕಳ ಮನಸ್ಸಿನ ಚಿಕಿತ್ಸೆ ಮಾಡುತ್ತಿದ್ದ ಸೆಲ್ಮಾ ಫ್ರೈಬರ್ಗ್ ಮತ್ತು ಅವರ ಜೊತೆಗಾರರು 1975ರಲ್ಲೇ ಇದನ್ನು ಬರೆದಿದ್ದಾರೆ. ಕಷ್ಟದ ಬಾಲ್ಯ ಕಂಡ ಎಲ್ಲರೂ ಅದನ್ನು ಮಕ್ಕಳ ಮೇಲೆ ತಿರುಗಿಸುವುದಿಲ್ಲ. ನಡೆದದ್ದು ನೆನಪಿದ್ದು, ಆಗಿನ ಭಯ ಮತ್ತು ನೋವನ್ನು ಮಾತ್ರ ಒಳಗೆ ಹೂತುಬಿಟ್ಟವರೇ ಹೆಚ್ಚಾಗಿ ತಿರುಗಿಸುತ್ತಾರೆ ಅನ್ನುವುದು ಅವರು ಕಂಡದ್ದು. ಅದೇ ದಾರಿಯಲ್ಲಿ ಅಲೀಸಿಯಾ ಲೀಬರ್ಮನ್ ಮತ್ತು ಜೊತೆಗಾರರು ಬೆಳೆಸಿದ್ದು ಚೈಲ್ಡ್ ಪೇರೆಂಟ್ ಸೈಕೋಥೆರಪಿ. ಅದು ಐದು ವರ್ಷದೊಳಗಿನ ಮಕ್ಕಳಿಗೆ, ತಾಯಿ ಮಗು ಇಬ್ಬರೂ ಒಂದೇ ಕೋಣೆಯಲ್ಲಿ. ಅಂದರೆ ನಿಮ್ಮ ಮಗಳ ವಯಸ್ಸಿಗೇ ಇದು ಇದೆ. ಅವಳು ದೊಡ್ಡವಳಾಗಲಿ ಅಂತ ಕಾಯುವ ಅಗತ್ಯ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ಮೊದಲು ನಾನು, ಆಮೇಲೆ ಮಗು' ಅನ್ನುವ ಸಾಲು ಇಲ್ಲವೇ ಇಲ್ಲ. ಪೂರ್ತಿ ವಾಸಿಯಾದ ದಿನ ಅಂತ ಒಂದು ಬರುವುದೂ ಇಲ್ಲ. ನಾನು ಈಗಲೂ ಕೂಗಾಡುತ್ತೇನೆ. ವ್ಯತ್ಯಾಸ ಏನೆಂದರೆ, ಆಮೇಲೆ ವಾಪಸ್ ಹೋಗಿ ಅವನ ಎತ್ತರಕ್ಕೆ ಕೂತು, "ಅಮ್ಮ ಜೋರಾಗಿ ಕೂಗಿದ್ದು ತಪ್ಪು, ನಿನ್ನಿಂದ ಅಲ್ಲ" ಅನ್ನುತ್ತೇನೆ. ಮಕ್ಕಳ ಹತ್ತಿರ ತಪ್ಪು ಒಪ್ಪಿಕೊಂಡರೆ ಸಲಿಗೆ ಜಾಸ್ತಿಯಾಗುತ್ತದೆ ಅಂತ ಅತ್ತೆ ಹೇಳುತ್ತಿದ್ದರು. ಹಾಗೇನೂ ಆಗಲಿಲ್ಲ. ಬಿದ್ದರೆ ಈಗ ನನ್ನ ಹತ್ತಿರವೂ ಬರುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಗಳಿಗೆ ಗಾಯವಾಗುವಷ್ಟು ಹೊಡೆಯುತ್ತಿದ್ದರೆ, ಅಥವಾ ಹೊಡೆದದ್ದು ಆಮೇಲೆ ನೆನಪೇ ಇರದಿದ್ದರೆ, ಇವತ್ತೇ ಇನ್ನೊಬ್ಬ ದೊಡ್ಡವರು ಮನೆಯಲ್ಲಿರಬೇಕು. ಆಗಲೂ ಮಗಳನ್ನು ಅಕ್ಕನ ಮನೆಗೆ ಕಳಿಸುವುದಕ್ಕಿಂತ ಅಕ್ಕನನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಲು ನೋಡಿ. ಅಕ್ಕ ಬರಲಾಗದಿದ್ದರೆ ನೀವೇ ಮಗಳ ಜೊತೆ ಅಲ್ಲಿಗೆ ಹೋಗಿ ಇರಿ. ಕೆಟ್ಟ ಕನಸು, ಸಾಯಬೇಕು ಅನ್ನಿಸುವುದು ಇದ್ದರೆ ನಿಮಗೊಬ್ಬರಿಗೇ ಬೇರೆ ಚಿಕಿತ್ಸೆ, ಮಾತ್ರೆ ಬೇಕಾಗಬಹುದು. ಅದು ಇದರ ಜೊತೆಜೊತೆಗೇ ನಡೆಯಲಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, 14416. ಸರ್ಕಾರದ್ದು, 2022ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನೀವು ಮಂಡ್ಯದವರು ಅಂದಿರಿ. ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನ ಮನೋವೈದ್ಯ ವಿಭಾಗದಿಂದ ಶುರು ಮಾಡಬಹುದು. ಮೈಸೂರಿಗೆ ಬರುವುದಾದರೆ ಕೆ.ಆರ್. ಆಸ್ಪತ್ರೆ ಇದೆ. ಇನ್ನೂ ಹೆಚ್ಚಿನದು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಮುಜುಗರ ಇಲ್ಲದೆ ಕೇಳಿ. ಎರಡು ದಿನದ ವರ್ಕ್‌ಶಾಪ್‌ನಲ್ಲಿ ಪಾಸಿಟಿವ್ ಪೇರೆಂಟಿಂಗ್ ಕಲಿಸುತ್ತೇವೆ ಅನ್ನುವವರಿಗೆ ದುಡ್ಡು ಸುರಿಯಬೇಡಿ. ಸಾಲುಗಳು ಬಾಯಿಪಾಠ ಆಗುತ್ತವೆ, ದವಡೆ ಬಿಗಿದಾಗ ಒಂದೂ ನೆನಪಿಗೆ ಬರುವುದಿಲ್ಲ.

ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳುವಾಗ ಮೊದಲು ಇದನ್ನು ಕೇಳಿ: "ನನ್ನ ಬಾಲ್ಯದ ವಿಷಯಕ್ಕೆ ಬರುತ್ತಿದ್ದೇನೆ, ಮಗಳನ್ನೂ ಕರೆತರುತ್ತೇನೆ, ಇಬ್ಬರನ್ನೂ ಒಟ್ಟಿಗೆ ನೋಡುತ್ತೀರಾ?" ಆಗುವುದಿಲ್ಲ ಅಂದರೆ, ಯಾರು ನೋಡುತ್ತಾರೆ ಅಂತ ಅವರನ್ನೇ ಕೇಳಿ. ಅಲ್ಲಿಯವರೆಗೆ ದಿನಕ್ಕೆ 5 ನಿಮಿಷ ಆ ಆಟ ಶುರು ಮಾಡಿ. ಟಿವಿ, ಮೊಬೈಲ್ ಆಫ್ ಮಾಡಿ, ನಾಲ್ಕು ಬ್ಲಾಕೋ ಅಡುಗೆಮನೆಯ ಲೋಟಗಳೋ ಇಟ್ಟುಕೊಂಡು ನೆಲದ ಮೇಲೆ ಕೂತರೆ ಸಾಕು. ಅವಳು ಹಟ ಮಾಡಿದ ದಿನವೂ ಆ 5 ನಿಮಿಷ ತಪ್ಪಿಸಬೇಡಿ. ಶಿಕ್ಷೆ ಅಂತ ಅದನ್ನು ಕಿತ್ತುಕೊಳ್ಳಬಾರದು.