ಸಾಲ ತಂದು ಬಿತ್ತಿದ ಬೀಜ

ದಂಪತಿ ಇಬ್ಬರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಊರು ಮತ್ತು ಉದ್ಯೋಗದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇದೇ ಬಗೆಯ ಸಂಕಟ ಹೊತ್ತು ಆಪ್ತಸಲಹೆಗಾರನಾದ ನನ್ನ ಬಳಿಗೆ ಬಂದ ಕ್ರೈಸ್ತ ಕುಟುಂಬಗಳಲ್ಲಿ ಇವರು ಮೊದಲಿಗರಲ್ಲ. ಇವರ ನಂತರವೂ ಬರುತ್ತಲೇ ಇದ್ದಾರೆ. ಆದರೂ ಇವರ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ, ಮೊದಲ ಎರಡು ಭೇಟಿಗಳಲ್ಲಿ ನಾನು ಮಾಡಿದ ತಪ್ಪು.

ಆತ ನಲವತ್ತೈದರ ಆಸುಪಾಸಿನವರು, ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ತಮ್ಮ ಸಭೆಯ, ಅಂದರೆ ಚರ್ಚಿನ, ಆರಾಧನೆಯ ಜೊತೆಗೆ ಬೇರೊಂದು ಪ್ರಾರ್ಥನಾ ಕೂಟಕ್ಕೂ ಹೋಗತೊಡಗಿದ್ದರು. ಕಾಣಿಕೆಯೆಂದರೆ ಬೀಜ, ಕೊಟ್ಟದ್ದು ನೂರರಷ್ಟಾಗಿ ಮರಳುತ್ತದೆ ಎಂಬುದು ಅಲ್ಲಿನ ಬೋಧನೆ. ಮೂರು ವರ್ಷಗಳಲ್ಲಿ ಅವರು ಸುಮಾರು 2 ಲಕ್ಷ 60 ಸಾವಿರ ರೂಪಾಯಿ ಕೊಟ್ಟಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಡತಿಯ ಬಳೆಗಳನ್ನು ಅಡವಿಟ್ಟು ತಂದದ್ದು, ಉಳಿದದ್ದರಲ್ಲಿ ಕೈಸಾಲವೇ ಹೆಚ್ಚು. ಮಗಳ ಕಾಲೇಜು ಫೀಸು ಬಾಕಿ ಉಳಿದಿತ್ತು.

ನಾನು ಇದನ್ನು ಸಾಲದ ಸಮಸ್ಯೆಯೆಂದು ತಿಳಿದೆ. ಆದಾಯ, ಖರ್ಚು, ಬಡ್ಡಿಗಳನ್ನು ಬರೆಸಿ, ಯಾವುದನ್ನು ಮೊದಲು ತೀರಿಸಬೇಕೆಂದು ತೋರಿಸಿಕೊಟ್ಟೆ. ಅವರು ಎಲ್ಲಕ್ಕೂ ತಲೆಯಾಡಿಸಿ ಹೋದವರು ಮುಂದಿನ ತಿಂಗಳು ಮತ್ತೆ 10 ಸಾವಿರ ಸಾಲ ತಂದು ಕೂಟದಲ್ಲಿ ಅರ್ಪಿಸಿದರು. ಅವರೊಳಗಿದ್ದ ಭಯದ ಬಗ್ಗೆ ನಾನು ಒಂದು ಮಾತನ್ನೂ ಕೇಳಿರಲಿಲ್ಲ.

ಮೂರನೆಯ ಭೇಟಿಗೆ ಹೆಂಡತಿಯೂ ಬಂದರು. ಕೊಡುವುದನ್ನು ನಿಲ್ಲಿಸಿದರೆ ಏನಾಗುತ್ತದೆಂದು ನಿಮಗೆ ಭಯ ಎಂದು ಆತನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಅಯ್ಯಾ, ಇಷ್ಟು ದಿನ ಬಿತ್ತಿದ್ದೆಲ್ಲ ವ್ಯರ್ಥವಾಗುತ್ತದೆ. ಫಲ ಬಾರದಿರುವುದಕ್ಕೆ ನನ್ನ ಅಪನಂಬಿಕೆಯೇ ಕಾರಣ ಅಂತ ಅವರು ಹೇಳಿದ್ದಾರೆ” ಎಂದರು. ಅಲ್ಲಿಯವರೆಗೆ ಮಾತಾಡದಿದ್ದ ಹೆಂಡತಿ, ರಾಗಿ ಬೆಳೆಯುವ ಮನೆಯಿಂದ ಬಂದವರು, ಗಂಡನ ಕಡೆ ನೋಡದೆ ನನಗೆ ಹೇಳಿದರು: “ನಮ್ಮಪ್ಪನೂ ಸಾಲ ಮಾಡಿ ಬೀಜ ತರುತ್ತಿದ್ದರು ಅಯ್ಯಾ. ಮೊಳೆಯದಿದ್ದರೆ ಬೀಜ ಕೊಟ್ಟವನನ್ನು ಹೋಗಿ ಕೇಳುತ್ತಿದ್ದರು. ಇಲ್ಲಿ ಬೀಜದ ಮಾತು ಯಾರೂ ಎತ್ತುವುದಿಲ್ಲ, ಹೊಲವನ್ನೇ ಬೈಯುತ್ತಾರೆ.”

ಆತ ಉತ್ತರಿಸಲಿಲ್ಲ. ಅವರ ಕೈಯಲ್ಲಿದ್ದ ಸತ್ಯವೇದದಲ್ಲಿ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ 30ನೆಯ ವಚನಕ್ಕೆ ಕೆಂಪು ಗೆರೆ ಎಳೆದಿತ್ತು. ನೂರರಷ್ಟು ಎಂಬ ಆ ಮಾತು ಅಲ್ಲಿದೆ. ಪೂರ್ತಿ ಓದಿರೆಂದು ಕೇಳಿಕೊಂಡೆ. ನೂರರಷ್ಟಾಗಿ ಸಿಗುವುದು ಮನೆ, ಹೊಲಗಳ ಜೊತೆಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು ಎಂದಿದೆ. ಅದೇ ವಾಕ್ಯದಲ್ಲಿ ಹಿಂಸೆಗಳೂ ಬರುತ್ತವೆ ಎಂದಿದೆ. ಒಬ್ಬ ಮನುಷ್ಯನಿಗೆ ನೂರು ಮಂದಿ ತಾಯಂದಿರು ಸಿಗುವುದು ವಿಶ್ವಾಸಿಗಳ ಬಳಗದಲ್ಲಲ್ಲದೆ ಬೇರೆಲ್ಲಿ? ಅನಂತರ 7ನೆಯ ಅಧ್ಯಾಯ ತೆಗೆಸಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಅರ್ಪಿತವಾದದ್ದು, ಎಂದು ಹೇಳಿ ಅವರನ್ನು ಕೈಬಿಡುವವರನ್ನು ಯೇಸು ಅಲ್ಲಿ ಖಂಡಿಸುತ್ತಾನೆ. ಓದಿ ಮುಗಿಸಿದ ಮೇಲೆ ಆತ, “ಹಾಗಾದರೆ ಮಗಳ ಫೀಸು ಕೂಡ ನಾನು ಮುಟ್ಟಬಾರದ ಹಣವೇ ಆಗಿತ್ತಲ್ಲವೇ?” ಎಂದು ಕೇಳಿ ಅತ್ತರು.

ಆಪ್ತಸಲಹೆಗಾರರು ಧರ್ಮಬೋಧನೆಗೆ ಇಳಿಯಬಾರದೆಂದು ನನ್ನ ಜೊತೆ ಕೆಲಸ ಮಾಡುವ ಕೆಲವರು ಆಕ್ಷೇಪಿಸಿದ್ದಾರೆ. ಸಾಮಾನ್ಯವಾಗಿ ನಾನೂ ಅದನ್ನು ಒಪ್ಪುತ್ತೇನೆ. ಆದರೆ ಈ ಮನುಷ್ಯನಿಗೆ ಗಾಯವಾದದ್ದೇ ವೇದವಾಕ್ಯದ ಹೆಸರಿನಲ್ಲಿ. ಆ ವಾಕ್ಯವನ್ನು ಮುಟ್ಟದೆ ಗಾಯಕ್ಕೆ ಮದ್ದು ಹಚ್ಚುವ ದಾರಿ ನನಗೆ ಕಾಣಲಿಲ್ಲ. ಆ ಕೂಟದ ಬೋಧನೆ ತಪ್ಪೆಂಬ ನಿಲುವು ನನ್ನೊಬ್ಬನದೂ ಅಲ್ಲ. 2010ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ, ಹಲವು ದೇಶಗಳ ಸುವಾರ್ತಾ ಕ್ರೈಸ್ತರ ಲೋಸಾನ್ ಮಹಾಸಭೆಯ ಘೋಷಣೆಯು, ಆತ್ಮಿಕ ಕ್ಷೇಮವನ್ನು ಐಶ್ವರ್ಯದಿಂದ ಅಳೆಯುವ ಬೋಧನೆ ವೇದಸಮ್ಮತವಲ್ಲವೆಂದು ತಿರಸ್ಕರಿಸಿದೆ. ಕೂಟಗಳಲ್ಲಿ ಮತ್ತೆ ಮತ್ತೆ ಓದುವ ಪ್ರವಾದಿ ಮಲಾಕಿಯನ ಪುಸ್ತಕದ ದಶಮಾಂಶವು, ಅಂದರೆ ಬೆಳೆಯ ಹತ್ತನೆಯ ಒಂದು ಪಾಲು, ಆಲಯದ ಉಗ್ರಾಣಕ್ಕೆ ಸಲ್ಲುತ್ತಿದ್ದ ಆಹಾರವಾಗಿತ್ತು. ಮೂರನೆಯ ವರ್ಷದ ದಶಮಾಂಶವನ್ನು ಆಲಯದ ಸೇವೆಯ ಕುಲದವರಾದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಉಂಡು ತೃಪ್ತರಾಗಲೆಂದು ಊರೊಳಗೆ ಕೂಡಿಡಬೇಕೆಂದು ಸತ್ಯವೇದದ ಧರ್ಮೋಪದೇಶಕಾಂಡ ವಿಧಿಸುತ್ತದೆ. ಕೊಡುವವನ ಬಳಿ ಇರುವುದಕ್ಕೆ ತಕ್ಕಂತೆ ಕಾಣಿಕೆ ಮೆಚ್ಚಿಕೆಯಾಗುತ್ತದೆಯೇ ಹೊರತು ಇಲ್ಲದ್ದಕ್ಕೆ ತಕ್ಕಂತೆ ಅಲ್ಲವೆಂದು ಅಪೊಸ್ತಲ ಪೌಲನು ಕೊರಿಂಥದ ವಿಶ್ವಾಸಿಗಳಿಗೆ ಬರೆದಿದ್ದಾನೆ. ಸಾಲದ ಹಣ, ಇಲ್ಲದ ಹಣ.

ಇಷ್ಟಾದರೂ ‘ಇದ್ದುದರಲ್ಲಿ ಸಂತುಷ್ಟರಾಗಿರಿ’ ಎಂದು ನಾನು ಅವರಿಗೆ ಹೇಳಲಿಲ್ಲ. ಬಡ್ಡಿ ಕಟ್ಟಲಾಗದ ಮನೆಯಲ್ಲಿ ಆ ಮಾತು ಕ್ರೂರವಾಗುತ್ತದೆ. ಯಾವ ಸ್ಥಿತಿಯಲ್ಲಿಯೂ ಸಂತುಷ್ಟನಾಗಿರಲು ಕಲಿತಿದ್ದೇನೆಂದು ಪೌಲನು ಬರೆದದ್ದು ಸೆರೆಯಲ್ಲಿ ಕುಳಿತು. ಅದೇ ಪತ್ರಿಕೆಯಲ್ಲಿ ಫಿಲಿಪ್ಪಿ ಊರಿನ ವಿಶ್ವಾಸಿಗಳು ಕಳುಹಿಸಿದ ಸಹಾಯಕ್ಕೆ ಕೃತಜ್ಞತೆಯನ್ನೂ ತಿಳಿಸಿದ್ದಾನೆ. ಸಂತುಷ್ಟಿಯಿದ್ದವನು ಕೈಚಾಚಬಾರದೆಂಬ ನಿಯಮವೇನೂ ಅಲ್ಲಿಲ್ಲ.

ಆದ್ದರಿಂದ ನಾನು ಕೊಟ್ಟ ಸಲಹೆ ಇಷ್ಟು. ಆರು ತಿಂಗಳು ಆ ಕೂಟಕ್ಕೆ ಹೋಗಬಾರದು. ಸಂಬಳ ಬಂದೊಡನೆ ಮೊದಲು ಮಗಳ ಫೀಸನ್ನು ತೆಗೆದಿಟ್ಟು, ಅನಂತರ ಹೆಚ್ಚು ಬಡ್ಡಿಯ ಕೈಸಾಲವನ್ನು ತೀರಿಸಿ, ಬಳೆಗಳನ್ನು ಆಮೇಲೆ ಬಿಡಿಸಿಕೊಳ್ಳಬೇಕು. ಕಾಣಿಕೆಯನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ಹೆಂಡತಿಯೊಡನೆ ಕುಳಿತು ನಿಶ್ಚಯಿಸಿದ ಚಿಕ್ಕ ಮೊತ್ತವನ್ನು ಸ್ವಂತ ಸಭೆಯಲ್ಲಿ, ಪ್ರತಿಫಲದ ಪ್ರಾರ್ಥನೆಯಿಲ್ಲದೆ ಹಾಕಬಹುದು. ತಮ್ಮ ಸಭಾಪಾಲಕರಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿ ನೆರವು ಕೇಳಬೇಕು. ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಎಂಟು ತಿಂಗಳಾಗಿದೆ. ಕೈಸಾಲ ತೀರಿದೆ, ನಾಲ್ಕು ಬಳೆಗಳಲ್ಲಿ ಎರಡು ಮನೆಗೆ ಬಂದಿವೆ. ಕೊಟ್ಟ ಹಣ ಮರಳಿಲ್ಲ, ಅವರು ಕೇಳಿಯೂ ಇಲ್ಲ. ಮಗಳಿಗೆ ಜ್ವರ ಬಂದ ರಾತ್ರಿ ಮಾತ್ರ ಆತ ನನಗೆ ಫೋನ್ ಮಾಡಿ, ಕಾಣಿಕೆ ಕಡಿಮೆ ಮಾಡಿದ್ದಕ್ಕೆ ಹೀಗಾಯಿತೇ ಎಂದು ಕೇಳಿದರು. ನಾನು ಅಲ್ಲವೆಂದೆ. ಹಿಂದಿನಿಂದ ಹೆಂಡತಿಯ ದನಿಯೂ ಅದನ್ನೇ ಹೇಳುತ್ತಿತ್ತು.