ಎಲ್ಕ್ ಬೇಟೆಗೆ ಎಷ್ಟು ದಪ್ಪದ ನಳಿಗೆ ಬೇಕು?

ನಿಮ್ಮ ಪತ್ರ ಓದುತ್ತಿದ್ದಂತೆ ಮೂಡಿಗೆರೆಯ ನಮ್ಮ ಮನೆಯ ಅಟ್ಟದಲ್ಲಿದ್ದ ಕೇಪಿನ ಕೋವಿ ಕಣ್ಣೆದುರು ಬಂತು. ನೀವು ವಿರಾಜಪೇಟೆಯಿಂದ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ಗೆ ಬಂದು ಎಂಟು ತಿಂಗಳಾಗಿದೆ. ಕಚೇರಿಯ ಗೆಳೆಯರೊಬ್ಬರು .45 ಕ್ಯಾಲಿಬರ್‌ನ (ನಳಿಗೆಯ ಒಳ ಅಡ್ಡಳತೆ 0.45 ಇಂಚು) ಮಝಲ್‌ಲೋಡರ್, ಅಂದರೆ ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬುವ ಕೋವಿ, ಮಾರುತ್ತಿದ್ದಾರೆ. ಅದನ್ನು ಕೊಂಡು ಈ ಸೆಪ್ಟೆಂಬರ್‌ನಲ್ಲಿ ಕಡವೆಯಂಥ ದೊಡ್ಡ ಪ್ರಾಣಿಯಾದ ಎಲ್ಕ್‌ನ ಬೇಟೆಗೆ ಹೋಗಬಹುದೇ ಎಂದು ಕೇಳಿದ್ದೀರಿ. ಪೆನ್ಸಿಲ್ವೇನಿಯಾದಲ್ಲಿರುವ ನಿಮ್ಮ ಸಂಬಂಧಿ ‘.44 ಇದ್ದರೆ ಧಾರಾಳ ಸಾಕು’ ಎಂದಿದ್ದಾರೆ. ಅದೂ ಬೇಡವೆಂದರೆ ಊರಿನಿಂದ ತಂದೆಯವರ ಕೋವಿಯನ್ನೇ ತರಿಸಿಕೊಳ್ಳಬಹುದೇ ಎಂಬುದು ಕೊನೆಯ ಪ್ರಶ್ನೆ.

ಆ .45 ಹಿಡಿದು ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಹೋಗುವಂತಿಲ್ಲ. ಇಲ್ಲಿ ಎಲ್ಕ್‌ಗೂ ಅದಕ್ಕಿಂತ ದೊಡ್ಡದಾದ ಮೂಸ್‌ಗೂ ನಳಿಗೆ ಕನಿಷ್ಠ .50 ಇರಬೇಕು, ಅಂದರೆ ಅರ್ಧ ಇಂಚು. ಜಿಂಕೆ, ಹುಲ್ಲೆಯಂಥ ಪ್ರಾಂಗ್‌ಹಾರ್ನ್, ಕರಡಿಗೆ .40 ಸಾಕು. ನಿಮ್ಮ ಸಂಬಂಧಿ ಸುಳ್ಳು ಹೇಳಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಬರುವ ಚಕಮಕಿ ಕೋವಿಯ ಋತುವಿಗೆ .44 ಸರಿಯಾದ ಲೆಕ್ಕವೇ. ಆದರೆ ಅದು ಜಿಂಕೆಯ ಲೆಕ್ಕ, ಆ ರಾಜ್ಯದ ಲೆಕ್ಕ. ಅಮೆರಿಕದಲ್ಲಿ ಬೇಟೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಐಡಾಹೊದಲ್ಲಿ ಜಿಂಕೆಗೆ .45, ಎಲ್ಕ್‌ಗೆ .50. ಅಲಾಸ್ಕಾದಲ್ಲಿ ಮೂಸ್, ಕಂದು ಕರಡಿಯಂಥ ಪ್ರಾಣಿಗಳಿಗೆ .54, ಇಲ್ಲವೇ .45ರಲ್ಲಿ 250 ಗ್ರೇನ್‌ಗೆ (ಸುಮಾರು 16 ಗ್ರಾಂ) ಕಡಿಮೆಯಿಲ್ಲದ ಉದ್ದನೆಯ ಗುಂಡು. ಊರಿನಲ್ಲಿ ನಾವು ‘ಹನ್ನೆರಡು ಬೋರ್’ ಎಂದು ಕೇಳಿ ಬೆಳೆದವರು. ಅಲ್ಲಿ ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು, ಏಕೆಂದರೆ ಅದು ಒಂದು ಪೌಂಡ್ ಸೀಸಕ್ಕೆ ಎಷ್ಟು ಗೋಲಿ ಎಂಬ ಎಣಿಕೆ. ಇಲ್ಲಿಯದು ಇಂಚಿನ ನೂರನೇ ಭಾಗದ ಅಳತೆ, ಅಂಕಿ ಏರಿದಂತೆ ನಳಿಗೆಯೂ ದಪ್ಪವಾಗುತ್ತದೆ.

ಹಾಗಾದರೆ .45 ತೆಗೆದುಕೊಂಡು ಜಿಂಕೆಗಾದರೂ ಹೋಗೋಣ ಎಂದು ನೀವು ಯೋಚಿಸುತ್ತೀರಿ ಎಂದು ಬಲ್ಲೆ. ಹೊಸಬರು ಎಡವುವುದು ಅಲ್ಲಿಯೇ. ಕೊಲೊರಾಡೊದ ಕಾನೂನು ನಳಿಗೆಯ ಬಾಯಿಯನ್ನಷ್ಟೇ ಅಲ್ಲ, ಗುಂಡಿನ ತೂಕವನ್ನೂ ಕೇಳುತ್ತದೆ. .40ರಿಂದ .50ರವರೆಗೆ ಗುಂಡು ಕನಿಷ್ಠ 170 ಗ್ರೇನ್, ಅಂದರೆ ಸುಮಾರು 11 ಗ್ರಾಂ ಇರಬೇಕು. .50 ದಾಟಿದರೆ 210 ಗ್ರೇನ್. ಈಗ ಸೀಸದ ದುಂಡು ಗೋಲಿಯನ್ನು ತೂಗಿ ನೋಡಿ. .45 ನಳಿಗೆಗೆ ಹಾಕುವ 0.440 ಇಂಚಿನ ಗೋಲಿ ಸುಮಾರು 128 ಗ್ರೇನ್ ಮಾತ್ರ. ನಳಿಗೆ ಸರಿ, ಗೋಲಿ ತಪ್ಪು! ಆ ಕೋವಿಗೆ ಉದ್ದನೆಯ ಶಂಕುವಿನಾಕಾರದ ಗುಂಡನ್ನೇ ಹಾಕಬೇಕು, ಅದರ ಉದ್ದವೂ ಅಡ್ಡಳತೆಯ ಎರಡರಷ್ಟನ್ನು ಮೀರಬಾರದು. .50ರ 0.490 ಇಂಚಿನ ಗೋಲಿ 177 ಗ್ರೇನ್ ತೂಗುತ್ತದೆ, ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತದೆ. .54ರ 0.530 ಇಂಚಿನ ಗೋಲಿ 224 ಗ್ರೇನ್. ದುಂಡು ಗೋಲಿಯ ಅಡ್ಡಳತೆ ಕಾಲುಭಾಗ ಹೆಚ್ಚಿದರೆ ತೂಕ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಕಾನೂನು ಕ್ಯಾಲಿಬರ್ ಬಗ್ಗೆ ಏಕೆ ಅಷ್ಟು ಪಟ್ಟು ಹಿಡಿಯುತ್ತದೆ ಎಂಬುದು ಇದರಲ್ಲೇ ಇದೆ.

ಪ್ಲಾಸ್ಟಿಕ್ ಅಂಗಿ ತೊಡಿಸಿದ ಸಣ್ಣ ಗುಂಡು, ಸ್ಯಾಬಟ್ ಎನ್ನುತ್ತಾರೆ, ಮಝಲ್‌ಲೋಡರ್ ಋತುವಿನಲ್ಲಿ ನಿಷಿದ್ಧ. ದಪ್ಪ ನಳಿಗೆಯಲ್ಲಿ ತೆಳು ಗುಂಡು ಹಾರಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸ್ಕೋಪ್ ಇಲ್ಲ, ಹೊಗೆಯಿಲ್ಲದ ಮದ್ದು ಇಲ್ಲ, ಬಿಲ್ಲೆ ಕಟ್ಟಿದ ಮದ್ದೂ ಇಲ್ಲ. ಕಪ್ಪು ಮದ್ದು ಅಥವಾ ಪೈರೊಡೆಕ್ಸ್‌ನಂಥ ಬದಲಿ ಮದ್ದನ್ನು ಪುಡಿಯಾಗಿಯೇ ಅಳೆದು ಸುರಿಯಬೇಕು. ಒಂದೇ ನಳಿಗೆ, ಒಂದೇ ಗುಂಡು. ನಮ್ಮೂರಿನಂತೆ ಹಿಡಿ ಚರೆ ತುಂಬಿ ಹೊಡೆಯುವಂತಿಲ್ಲ. ರಾತ್ರಿ ಹಣೆಗೆ ಲೈಟ್ ಕಟ್ಟಿ ಹೋಗುವ ಅಭ್ಯಾಸ ಇದ್ದವರ ಕಥೆಗಳನ್ನು ಕೇಳಿದ್ದರೆ ಅವನ್ನೂ ಅಲ್ಲಿಯೇ ಬಿಟ್ಟುಬಿಡಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆ.

ಇಷ್ಟೆಲ್ಲ ನಿಯಮ ಯಾರನ್ನು ಕಾಯುತ್ತಿದೆ ಎಂಬುದು ನನಗೆ ತಿಳಿದದ್ದು ಎರಡನೆಯ ವರ್ಷ. ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಲ್ಲಿ, ಹತ್ತು ಸಾವಿರ ಅಡಿ ಎತ್ತರದಲ್ಲಿ, ಸೆಪ್ಟೆಂಬರ್ ನಡುವೆ. ಆಸ್ಪೆನ್ ಮರಗಳು ಆಗಷ್ಟೇ ಹಳದಿಗೆ ತಿರುಗುತ್ತಿದ್ದವು. ಬೆದೆಯ ಕಾಲವಾದ್ದರಿಂದ ಗಂಡು ಎಲ್ಕ್‌ಗಳು ಕಣಿವೆಯಿಂದ ಕಣಿವೆಗೆ ಕೂಗುತ್ತಿದ್ದವು. ಅಷ್ಟು ದೊಡ್ಡ ಮೈಯಿಂದ ಅಷ್ಟು ತೆಳ್ಳಗಿನ ಸಿಳ್ಳೆಯಂಥ ಕೂಗು ಹೊರಡುತ್ತದೆ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನನ್ನ ಕೈಯಲ್ಲಿ .50 ಇತ್ತು, ದುಂಡು ಗೋಲಿ ಹಾಕಿದ್ದೆ, ಎಲ್ಲವೂ ಕಾನೂನಿನಂತೆಯೇ. ಬಯಲಿನ ಅಂಚಿಗೆ ಒಂದು ಹೆಣ್ಣು ಎಲ್ಕ್ ಬಂದು ನಿಂತಿತು. ನಮ್ಮ ಕಡವೆಯಷ್ಟೇ ಭಾರಿ ಮೈಕಟ್ಟು, ಇನ್ನೂರು ಕಿಲೋ ದಾಟಿದ್ದೀತು. ನೂರಿಪ್ಪತ್ತು ಗಜ ದೂರ. ಹೊಡೆಯಬಾರದಿತ್ತು, ಹೊಡೆದೆ.

ಹೊಗೆ ಕರಗಿದಾಗ ಅದು ಅಲ್ಲಿರಲಿಲ್ಲ. ಬಿದ್ದ ಹಳದಿ ಎಲೆಯೊಂದರ ಮೇಲೆ ಒಂದು ಹನಿ ರಕ್ತ, ಹುಣಸೆ ರಸದಂತೆ ಕಪ್ಪಗೆ, ಅದರಲ್ಲಿ ಹಸಿರು ಹುಲ್ಲಿನ ಚೂರು. ಶ್ವಾಸಕೋಶಕ್ಕೆ ತಾಗಿದ್ದರೆ ನಸುಗೆಂಪಾಗಿ ನೊರೆ ಇರುತ್ತದೆ. ಇದು ಹೊಟ್ಟೆಗೆ ತಾಗಿದ ಪೆಟ್ಟು. ಜೊತೆಗಿದ್ದ ಹಿರಿಯರೊಬ್ಬರು ಎಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಏನೂ ಹೇಳದೆ ನೆಲಕ್ಕೆ ಕುಳಿತರು. ಕತ್ತಲಾಗುವವರೆಗೂ ಜಾಡು ಹಿಡಿದೆವು. ಸಿಕ್ಕಿದ್ದು ಮರುದಿನ ಬೆಳಗ್ಗೆ, ನರಿಯಂಥ ಕೊಯೋಟಿಗಳು ತಿಂದು ಉಳಿಸಿದ್ದು. ತೊಡೆ, ಭುಜ, ಬೆನ್ನಿನ ಮಾಂಸ ಯಾವುದನ್ನೂ ಕಾಡಿನಲ್ಲಿ ಕೆಡಲು ಬಿಡಬಾರದೆಂದು ಇಲ್ಲಿ ಕಾನೂನೇ ಇದೆ. ನನಗೆ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಪರವಾನಗಿಯ ಚೀಟಿಯನ್ನು ಅದರ ಕಾಲಿಗೆ ಕಟ್ಟಿದೆ, ಆ ವರ್ಷದ ಬೇಟೆ ಅಲ್ಲಿಗೆ ಮುಗಿಯಿತು. ಆ ಎಲೆಯ ಬಣ್ಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕೋವಿ ಸರಿಯಿತ್ತು, ದೂರ ತಪ್ಪಿತ್ತು. ದುಂಡು ಗೋಲಿ ಗಾಳಿಯನ್ನು ಸೀಳುವುದರಲ್ಲಿ ಬಹಳ ದುರ್ಬಲ. ಸೆಕೆಂಡಿಗೆ 1,800 ಅಡಿ ವೇಗದಲ್ಲಿ ಹೊರಟ .50ರ ಗೋಲಿ ನೂರು ಗಜ ಮುಟ್ಟುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ, ಪೆಟ್ಟಿನ ಬಲ ಮೂರನೇ ಒಂದು ಪಾಲು ಉಳಿದಿರುತ್ತದೆ. ಕನಿಷ್ಠ ಕ್ಯಾಲಿಬರ್ ಎಂದರೆ ಅಷ್ಟಿದ್ದರೆ ಸಾಕು ಎಂದಲ್ಲ, ಅದಕ್ಕಿಂತ ಕೆಳಗೆ ಪ್ರಾಣಿಗೆ ಅನ್ಯಾಯ ಖಚಿತ ಎಂದು. ಈಗ ನಾನು ಎಲ್ಕ್‌ಗೆ .54 ಒಯ್ಯುತ್ತೇನೆ, ಎಪ್ಪತ್ತು ಗಜ ದಾಟಿದರೆ ಟ್ರಿಗರ್ ಎಳೆಯುವುದಿಲ್ಲ. .50ರಲ್ಲೇ ಹೋಗುವುದಾದರೆ ಭಾರದ ಶಂಕು ಗುಂಡು ಹಾಕಿ.

ಇದಕ್ಕಿಂತ ಮೊದಲು ನೀವು ಕೇಳಬೇಕಿದ್ದ, ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ನಿಮ್ಮ ವೀಸಾ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಗಳನ್ನಾಗಲಿ ಇಟ್ಟುಕೊಳ್ಳುವುದು ಇಲ್ಲಿಯ ಕೇಂದ್ರ ಕಾನೂನಿನಲ್ಲಿ ಅಪರಾಧ. ಇದಕ್ಕಿರುವ ವಿನಾಯಿತಿಗಳಲ್ಲಿ ನಿಮಗೆ ಅನ್ವಯಿಸುವುದು ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ. ತೋಟೆ ಹಾಕಲಾಗದ, ಕಪ್ಪು ಮದ್ದಿನ ಮಝಲ್‌ಲೋಡರ್‌ಗಳನ್ನು ಅದೇ ಕಾನೂನು ‘ಪುರಾತನ ಕೋವಿ’ ಎಂದು ಬೇರೆ ಎಣಿಸುತ್ತದೆ ನಿಜ. ಅಂಗಡಿಯವರು ಅದನ್ನೇ ಹೇಳಿ ಧೈರ್ಯ ತುಂಬುತ್ತಾರೆ. ಆದರೆ ನಳಿಗೆ ಬದಲಿಸಿದರೆ ತೋಟೆ ಕೋವಿಯಾಗಬಲ್ಲ ಮಾದರಿಗಳಿಗೆ ಆ ರಿಯಾಯಿತಿ ಇಲ್ಲ. ಕೋವಿಯ ಅಪರಾಧಕ್ಕೆ ಶಿಕ್ಷೆಯಾದರೆ ದೇಶದಿಂದಲೇ ಹೊರಗೆ ಕಳುಹಿಸಬಹುದು. ಪರವಾನಗಿ ಜೇಬಿಗೆ ಬರುವ ತನಕ ಯಾವ ಕೋವಿಯನ್ನೂ ಮನೆಯೊಳಗೆ ತರಬೇಡಿ. ವಲಸೆ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳಿ, ಆ ಹಣ ವ್ಯರ್ಥವಾಗುವುದಿಲ್ಲ.

ಈ ಸೆಪ್ಟೆಂಬರ್‌ನ ಮಾತನ್ನು ಬಿಡಿ. ಮಝಲ್‌ಲೋಡರ್ ಪರವಾನಗಿಯ ಲಾಟರಿಗೆ ಅರ್ಜಿ ಏಪ್ರಿಲ್ ಮೊದಲ ಮಂಗಳವಾರಕ್ಕೇ ಮುಗಿಯುತ್ತದೆ. ಅದಕ್ಕೆ ಮೊದಲು ಬೇಟೆ ಶಿಕ್ಷಣದ ತರಗತಿ ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು, 1949ರ ಜನವರಿ 1 ಮತ್ತು ನಂತರ ಹುಟ್ಟಿದ ಎಲ್ಲರಿಗೂ ಅದು ಕಡ್ಡಾಯ. ಆರು ತಿಂಗಳು ಸತತವಾಗಿ ಇಲ್ಲಿಯೇ ನೆಲೆಸಿದವರಿಗೆ ನಿವಾಸಿಗಳ ದರ ಅನ್ವಯವಾಗುತ್ತದೆ, ಹೊರಗಿನವರ ದರ ಅದರ ಎಷ್ಟೋ ಪಟ್ಟು. ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಹೊರಡಿಸುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಹಳೆಯ ವರ್ಷದ್ದನ್ನು ನಂಬಬೇಡಿ.

ನಮ್ಮಂಥವರಿಗೆ ಈ ಕೆಲಸ ಇನ್ನೊಂದು ಕಾರಣಕ್ಕೂ ಹೊಸದು. 1972ರ ವನ್ಯಜೀವಿ ಕಾಯ್ದೆಯ ನಂತರ ಬೆಳೆದ ನಮಗೆ ಕೋವಿ ಗೊತ್ತು, ಬೇಟೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜಿಸಿದ್ದೀರಿ, ಸುಗ್ಗಿಯ ಹಬ್ಬ ಪುತ್ತರಿಗೆ ಆಕಾಶಕ್ಕೆ ಹಾರಿಸಿದ್ದನ್ನು ಕೇಳಿದ್ದೀರಿ. ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಇತ್ತು, ಚುನಾವಣೆ ಬಂದಾಗ ಠಾಣೆಗೆ ಒಯ್ದು ಒಪ್ಪಿಸಿ ಬರುತ್ತಿದ್ದೆವು. ಗಾಯಗೊಂಡ ಪ್ರಾಣಿಯ ಹಿಂದೆ ಆರು ಗಂಟೆ ನಡೆಯುವುದನ್ನು ಆ ಕೋವಿಗಳು ನಮಗೆ ಕಲಿಸಲಿಲ್ಲ.

ತಂದೆಯವರ ಕೋವಿ ಅಲ್ಲಿಯೇ ಇರಲಿ. 1861ರಿಂದ ಕೊಡವರಿಗೆ ಇರುವ, 2029ರವರೆಗೆ ಮುಂದುವರಿಸಿರುವ ಕೋವಿ ಪರವಾನಗಿಯ ವಿನಾಯಿತಿ ಭಾರತದೊಳಗಿನದು. ದೇಶದಿಂದ ಹೊರಗೆ ಸಾಗಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆ ಪರವಾನಗಿ ಬೇಕು. ಅಷ್ಟು ಹಳೆಯ ನಳಿಗೆಗೆ ಎಲ್ಕ್‌ಗೆ ಬೇಕಾದಷ್ಟು ಮದ್ದು ತುಂಬಿದರೆ ಕೆನ್ನೆಯ ಪಕ್ಕದಲ್ಲೇ ಸಿಡಿದೀತು.

ಈ ವರ್ಷ ನನ್ನ ಜೊತೆ ಬರಿಗೈಯಲ್ಲಿ ಬನ್ನಿ. ಎದೆ ಬೆನ್ನು ಮುಚ್ಚುವ ಹೊಳೆಯುವ ಕಿತ್ತಳೆ ಅಂಗಿ, ಅದೇ ಬಣ್ಣದ ಟೋಪಿ ನನ್ನಲ್ಲಿ ಇನ್ನೊಂದು ಜೊತೆ ಇವೆ. ಆಗಸ್ಟ್‌ನಲ್ಲಿ ಎರಡು ಶನಿವಾರ ಗುರಿ ಅಭ್ಯಾಸದ ಮೈದಾನಕ್ಕೂ ಬನ್ನಿ. ಮದ್ದನ್ನು ಹೇಗೆ ಅಳೆಯುತ್ತಾರೆ, ಗಜಕಡ್ಡಿ ಗೋಲಿಯನ್ನು ತಳ ಮುಟ್ಟಿಸಿದ್ದು ಕೈಗೆ ಹೇಗೆ ತಿಳಿಯುತ್ತದೆ, ಗಾಡಿ ಹತ್ತುವ ಮೊದಲು ಮದ್ದಿಗೆ ಕಿಡಿ ಕೊಡುವ ಕೇಪು ತೆಗೆಯುವುದೇಕೆ, ಎಲ್ಲವನ್ನೂ ತೋರಿಸುತ್ತೇನೆ. ಬೆಳಗ್ಗೆ ನಾಲ್ಕಕ್ಕೆ ಹೊರಡುತ್ತೇವೆ, ಅಲ್ಲಿ ಸೆಪ್ಟೆಂಬರ್‌ನಲ್ಲೂ ಹಿಮ ಬೀಳಬಹುದು, ಉಣ್ಣೆಯ ಕಾಲುಚೀಲ ಎರಡು ಜೊತೆ ತನ್ನಿ.